ಗುಣ ಬಾಯಲ್ಲಿ, ಬೆಲೆ ಬೆರಳಲ್ಲಿ

ಕಲ್ಲೇಶಪ್ಪನಿಗೆ ಮಾತು ಇದ್ದ ಕಾಲದಲ್ಲಿ ಶನಿವಾರಸಂತೆಯ ಕಾಗೆಗಳು ಶುಕ್ರವಾರ ಸಂಜೆಯೇ ಗಂಟುಮೂಟೆ ಕಟ್ಟಿ ಕೊಡ್ಲಿಪೇಟೆ ಕಡೆಗೆ ಹಾರಿಹೋಗಿ, ಭಾನುವಾರ ಬೆಳಿಗ್ಗೆ ವಾಪಸು ಬರುತ್ತಿದ್ದವು. ಸಂತೆಯ ದಿನ ಅವುಗಳ ಕೂಗು ಯಾರ ಕಿವಿಗೂ ಬೀಳುತ್ತಿರಲಿಲ್ಲವಲ್ಲ, ಇದ್ದು ಏನು ಪ್ರಯೋಜನ? ದನದ ಸಾಲಿನಲ್ಲಿ ನಿಂತು ಕಲ್ಲೇಶಪ್ಪ ಒಂದು ಎತ್ತನ್ನು ಹೊಗಳಲು ಶುರು ಮಾಡಿದನೆಂದರೆ, ಹೊಗಳಿಸಿಕೊಂಡ ಎತ್ತೇ ನಾಚಿ ನೆಲ ನೋಡುತ್ತಿತ್ತು. ಒಮ್ಮೆ ಒಂದು ಮುದಿ ಎತ್ತನ್ನು ಅವನು ಹೊಗಳಿದ ಪರಿಗೆ, ಅದನ್ನು ಮಾರಲು ತಂದಿದ್ದ ರೈತನೇ ಮರುಳಾಗಿ ತನ್ನ ಎತ್ತನ್ನು ತಾನೇ ಕೊಂಡು ಮನೆಗೆ ಹೊಡೆದುಕೊಂಡು ಹೋದ. ಸುಳ್ಳೆನ್ನುವವರು ಆ ರೈತನನ್ನೇ ಕೇಳಬಹುದು. ನಾಚಿಕೆಗೆ ಅವನು ಒಪ್ಪಿಕೊಳ್ಳುವುದಿಲ್ಲ, ಅಷ್ಟೆ.

ಇಂಥ ಬಾಯಿ ಕೂಡ ಬೆಲೆಯ ಮಾತು ಬಂದರೆ ಹೊಲಿದಂತೆ ಮುಚ್ಚಿಕೊಳ್ಳುತ್ತಿತ್ತು. ದನದ ಸಂತೆಯ ಕಟ್ಟಳೆಯೇ ಹಾಗೆ: ಗುಣ ಬಾಯಲ್ಲಿ, ಬೆಲೆ ಬೆರಳಲ್ಲಿ. ದಲ್ಲಾಳಿ ತನ್ನ ಹೆಗಲ ಮೇಲಿನ ಟವೆಲನ್ನು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸುತ್ತಾನೆ. ಒಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಐದನ್ನೂ ಹಿಡಿದರೆ ಐದು. ನೂರೋ ಸಾವಿರವೋ ಎಂಬುದನ್ನು ದನದ ಮುಖ ನೋಡಿ ತಿಳಿದುಕೊಳ್ಳಬೇಕು. ಕೊಳ್ಳುವವನು ಮೊದಲು ಒಂದೇ ಬೆರಳು ಹಿಡಿಯುವುದು ಮರ್ಯಾದೆ. ಮಾರುವವನು ಕೈ ಕೊಡವಿಕೊಳ್ಳುವುದೂ ಮರ್ಯಾದೆ. ಆಮೇಲೆ ಎರಡು ಬೆರಳು, ಮತ್ತೆ ಕೊಡವು, ಒಂದಿಷ್ಟು ಮುನಿಸು, ಒಂದು ಎಲೆಯಡಿಕೆ, ಮೂರನೇ ಬೆರಳು. ಕೊನೆಗೆ ಟವೆಲ್ ಎಳೆದು ಅಂಗೈಗೆ ಅಂಗೈ ಬಡಿದರೆ ವ್ಯಾಪಾರ ಕುದುರಿದಂತೆ. ಆ ಬಡಿತದ ಜೊತೆಗೆ ಕಲ್ಲೇಶಪ್ಪ ಯಾವತ್ತೂ ಹೇಳುತ್ತಿದ್ದುದು ಒಂದೇ ಮಾತು: “ಆಗ್ಲಿ ಬಿಡಿ!”

ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯಬಾರದು. ಬೆಲೆಯನ್ನು ಬಾಯಿಬಿಟ್ಟು ಹೇಳಿದ ದಲ್ಲಾಳಿಯನ್ನು ಮನುಷ್ಯರಿರಲಿ, ಹೋರಿಕರುಗಳೂ ನಂಬುವುದಿಲ್ಲ.

ಹೋದ ವರ್ಷ ಕಾಫಿಗಿಡ ಅರಳಿಸುವ ಹೂಮಳೆ ಬಿದ್ದ ವಾರ ಕಲ್ಲೇಶಪ್ಪ ಮುಖ ತೊಳೆಯಲು ಬಚ್ಚಲಿಗೆ ಹೋದವನು ಅಲ್ಲೇ ಕುಸಿದ. ಸ್ಟ್ರೋಕು. ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಮುನಿಸಿಕೊಂಡು ಜೋತುಬಿತ್ತು. ಮಾತು ಮಾತ್ರ ಹೇಳದೆ ಕೇಳದೆ ಮನೆ ಬಿಟ್ಟು ಹೋಯಿತು. ಹೋಗುವಾಗ ಗಂಟಿನಿಂದ ಜಾರಿ ಬಿದ್ದ ಹಾಗೆ ಒಂದೇ ಒಂದನ್ನು ಬಿಟ್ಟುಹೋಯಿತು: “ಆಗ್ಲಿ ಬಿಡಿ.”

ಕಾಫಿ ಕುಡೀತೀರಾ? ಆಗ್ಲಿ ಬಿಡಿ. ಕಾಲು ನೋವಾ? ಆಗ್ಲಿ ಬಿಡಿ. ನೆಂಟರೊಬ್ಬರು ತೀರಿಕೊಂಡಾಗ ಹೆಣದ ಮುಂದೆ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಅಷ್ಟೂ ಜನರ ಎದುರಿಗೆ ಗಟ್ಟಿಯಾಗಿ “ಆಗ್ಲಿ ಬಿಡಿ” ಎಂದಿದ್ದರಿಂದ ಹೆಂಡತಿ ಹಾಲಮ್ಮ ಅವನನ್ನು ಹಿತ್ತಿಲ ಬಾಗಿಲಿಂದ ಎಳೆದುಕೊಂಡು ಬರಬೇಕಾಯಿತು. ಒಳಗೆ ಮಾತು ಇರಲಿಲ್ಲವೆಂದಲ್ಲ. ದೊಡ್ಡಿ ತುಂಬ ದನ ಇದ್ದವು, ಗೇಟು ಕಾಣುತ್ತಿರಲಿಲ್ಲ. ಯಾವುದನ್ನು ಹೊರಗೆ ಅಟ್ಟಲು ಹೋದರೂ ಈ ಒಂದು ಪೋಲಿ ಹೋರಿ ಎಲ್ಲವನ್ನೂ ತಳ್ಳಿಕೊಂಡು ಮುಂದೆ ನುಗ್ಗುತ್ತಿತ್ತು.

ಆ ಗೇಟು ಹುಡುಕಿಕೊಡಲು ಬಂದವಳು ಸುಮಿತಾ. ಬಿಟ್ಟಂಗಾಲದ ಹುಡುಗಿ. ಯಾವುದೋ ಟ್ರಸ್ಟಿನವರ ಕೆಲಸಕ್ಕೆಂದು ಸೋಮವಾರಪೇಟೆಯಲ್ಲಿ ರೂಮು ಮಾಡಿಕೊಂಡು, ಪ್ರತಿ ಶನಿವಾರ ಗೊಬ್ಬರದಂಗಡಿಯ ಹಿಂದಿನ ಕೊಠಡಿಯಲ್ಲಿ ಬಂದು ಕೂರುತ್ತಿದ್ದಳು. ಸ್ಪೀಚ್ ಥೆರಪಿ ಎಂಬ ಬೋರ್ಡು ಇತ್ತು. ಜನ ಮಾತ್ರ ಅವಳನ್ನು ಮಾತಿನ ಡಾಕ್ಟ್ರಮ್ಮ ಎನ್ನುತ್ತಿದ್ದರು. ಮಾತು ಬಾರದ ಮಕ್ಕಳು, ತೊದಲುವವರು, ಸ್ಟ್ರೋಕಿನವರು ಎಲ್ಲರೂ ಅಲ್ಲಿಗೇ. ಯೂರಿಯಾ ವಾಸನೆಗೆ ಅರ್ಧ ಜನ ಸೀನುತ್ತ, ಇನ್ನರ್ಧ ಜನ ಅವರನ್ನು ನೋಡಿ ನಗುತ್ತ ಸಾಲಾಗಿ ಕೂತಿರುತ್ತಿದ್ದರು.

ಮೊದಮೊದಲು ಅವಳು ಚಿತ್ರದ ಕಾರ್ಡು ಹಿಡಿದು ತೋರಿಸಿದಳು. ಬಾಚಣಿಗೆ: ಆಗ್ಲಿ ಬಿಡಿ. ಕೊಡೆ: ಆಗ್ಲಿ ಬಿಡಿ. ಆಮೇಲೆ ಹಾಲಮ್ಮನ ಫೋಟೋವನ್ನೇ ತೋರಿಸಿದಳು.

“ಹಾಲಮ್ಮಕ್ಕಾ, ನಿಮ್ಮನ್ನ ಎಂತ ಹೇಳಿ ಕರೀತಿದ್ರು ಇವರು?”

“ಹೆಸ್ರಿಡ್ದು ಎಲ್ಲಿ ಕರ್ದವ್ರೆ ಕಣವ್ವ? ಮದ್ವೆ ಆದಾಗ್ಲಿಂದ್ಲೂ ‘ಇವ್ಳೇ’ ಅಂತಾನೇ ಕೂಗೋರು.”

ಕಲ್ಲೇಶಪ್ಪ ಫೋಟೋ ನೋಡಿ ಬೆವರಿ, ಬಾಯಿ ತಿರುಚಿ, ಕೊನೆಗೆ “ಇ… ಇವ್…” ಎಂದ. ಹೆಂಡತಿಯ ಹೆಸರು ಹುಡುಕುತ್ತಿದ್ದಾನೋ, ಹೆಸರೇ ಹೇಳಿಬಿಟ್ಟನೋ ಎಂದು ತಿಳಿಯದೆ ಸುಮಿತಾ ಪೆನ್ನು ಹಿಡಿದುಕೊಂಡು ಕೂತಳು. ಹಾಲಮ್ಮನಿಗೆ ತಿಳಿಯಿತು. ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು.

ಹಾಗಾದ ಮುಂದಿನ ವಾರವೇ ಇರಬೇಕು. ಕಾರ್ಡು ಸಾಕಾಗಿ ಕಲ್ಲೇಶಪ್ಪ ಎಡಗೈಯಿಂದ ತನ್ನ ಹೆಗಲ ಟವೆಲ್ ಎಳೆದು ಸುಮಿತಾಳ ಕೈ ಮೇಲೆ ಹಾಕಿ, ಒಳಗೆ ಅವಳ ಒಂದು ಬೆರಳು ಹಿಡಿದ. ಹಿಡಿದದ್ದೇ ತಡ, ಬಾಯಿ ತಾನಾಗಿ “ಒಂದು” ಎಂದಿತು!

ಗೊಬ್ಬರದಂಗಡಿಯ ತಕ್ಕಡಿ ಅವತ್ತು ಸಂಜೆಯವರೆಗೂ ನಿಲ್ಲದೆ ತೂಗಾಡಿತಂತೆ.

ಸುಮಿತಾ ಕಾರ್ಡುಗಳನ್ನು ಅತ್ತ ಸರಿಸಿದಳು. ಅಲ್ಲಿಂದಾಚೆಗೆ ಪಾಠವೆಲ್ಲ ಟವೆಲ್ ಕೆಳಗೆ. ಬೆರಳು ಹಿಡಿದರೆ ನಾಲಿಗೆ ಸಡಿಲವಾಗುತ್ತಿತ್ತು. ಆದರೆ ಅದಕ್ಕೂ ಒಂದು ಕಟ್ಟಳೆ. ಎಣಿಕೆಗಳೆಲ್ಲ ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ, ಮುಂದಿನದು ಹೊರಟರೆ ಮಾತ್ರ ಹಿಂದಿನದು ಹೊರಡುವುದು. ಮೂರು ಎನ್ನಬೇಕಾದರೆ ಒಂದರಿಂದಲೇ ಬರಬೇಕು. ಎಷ್ಟು ಎಳೆದರೂ ಮೂರರಾಚೆಗೆ ಹಗ್ಗ ಬರುತ್ತಿರಲಿಲ್ಲ. ಅದೂ ಸುಮಿತಾಳ ಎದುರು ಮಾತ್ರ. ಹೊಸಬರು ಕಂಡರೆ ಗೇಟಿಗೆ ಬೀಗ.

“ಮೂರು ಬಂತಲ್ಲ ಕಲ್ಲೇಶಣ್ಣ, ನಾಕು ಎಲ್ಲಿಗೆ ಹೋಗ್ತದೆ? ಬಂದೇ ಬರ್ತದೆ,” ಎನ್ನುತ್ತಿದ್ದಳು ಅವಳು. ಶನಿವಾರ ಬಂತೆಂದರೆ ಕಲ್ಲೇಶಪ್ಪ ಕೋಳಿಗಿಂತ ಮೊದಲೇ ಎದ್ದು, ಶರ್ಟಿನ ಎಡತೋಳು ಹಾಕಿಕೊಂಡು, ಬಲತೋಳಿಗಾಗಿ ಹಾಲಮ್ಮನನ್ನು ಕಾಯುತ್ತಿದ್ದ.

ಹೀಗಿರುವಾಗ ಮೈಸೂರಿನ ಒಂದು ಕಾಲೇಜಿನವರು ಸರ್ವೆ ಮಾಡಲು ಹೊರಟರು. ಹಳ್ಳಿ ಕಡೆ ಈ ಮಾತಿನ ಚಿಕಿತ್ಸೆಯನ್ನು ಹೇಗೆ ಮಾಡುತ್ತಾರೆ, ಮಾಡಿಸಿಕೊಂಡವರಿಗೆ ಏನನ್ನಿಸುತ್ತದೆ ಎಂದು ತಿಳಿಯುವ ಸಂಶೋಧನೆ. ಚಿಕಿತ್ಸೆ ಕೊಡುವವರಿಗೆ ಬೇರೆ ಪ್ರಶ್ನೆ, ತೆಗೆದುಕೊಳ್ಳುವವರಿಗೆ ಬೇರೆ ಪ್ರಶ್ನೆ. ಇದನ್ನು ಕೇಳಿದ ಟ್ರಸ್ಟಿನವರು, ಸರಿ, ಅದರಲ್ಲಿ ಏನು ಬರುತ್ತದೋ ನೋಡಿಕೊಂಡೇ ಶನಿವಾರಸಂತೆಯ ಕೊಠಡಿ ಇಟ್ಟುಕೊಳ್ಳುವುದೋ, ಮುಚ್ಚಿ ಎಲ್ಲರನ್ನೂ ಮಡಿಕೇರಿಗೆ ಬರಹೇಳುವುದೋ ತೀರ್ಮಾನಿಸುತ್ತೇವೆ ಎಂದರು.

ಮಡಿಕೇರಿ! ಬಸ್ಸಿನ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾದ ಗಂಡನನ್ನು ಕರೆದುಕೊಂಡು, ಎಸ್ಟೇಟಿನ ಕೆಲಸ ಬಿಟ್ಟು, ವಾರವಾರ ಮಡಿಕೇರಿಗೆ ಹೋಗಿಬರುವುದೆಂದರೆ ಹಾಲಮ್ಮನಿಗೆ ಕಾಶಿಗೆ ನಡೆದುಕೊಂಡು ಹೋದಂತೆ. ಕೊಠಡಿ ಮುಚ್ಚಿದರೆ ಕಲ್ಲೇಶಪ್ಪನ ಮಾತು ಮೂರಕ್ಕೇ ನಿಂತಿತು ಎಂದು ಗಂಡ ಹೆಂಡಿರಿಬ್ಬರಿಗೂ ಗೊತ್ತಿತ್ತು.

“ನಾನು ಎಂತದೂ ಹೇಳಿಕೊಡಬಾರದು, ಅದು ನಿಯಮ,” ಎಂದಳು ಸುಮಿತಾ. “ನಿಮಗೆ ಅನ್ನಿಸಿದ್ದನ್ನ ಹೇಳಿ, ಸಾಕು.”

ಸರ್ವೆಗೆ ಬಂದವನು ಚೇತನ್‌ಕುಮಾರ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬು, ಮುಖದಲ್ಲಿ ಇರುವೆಯನ್ನೂ ನೋಯಿಸದ ವಿನಯ. ಸುಮಿತಾಳನ್ನೂ ಹಾಲಮ್ಮನನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿ ಕೂತ.

“ಸರ್, ಈ ಸಂಶೋಧನೆಯಲ್ಲಿ ಭಾಗವಹಿಸೋದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?”

“ಆಗ್ಲಿ ಬಿಡಿ.”

ಇಷ್ಟು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟವರನ್ನು ಚೇತನ್‌ಕುಮಾರ್ ಇಡೀ ಜಿಲ್ಲೆಯಲ್ಲಿ ಕಂಡಿರಲಿಲ್ಲ. ಸಂತೋಷದಿಂದ ಮೊದಲನೇ ಪ್ರಶ್ನೆ ಓದಿದ:

“ಚಿಕಿತ್ಸಾನಂತರದ ಸಂವಹನ ಸಾಮರ್ಥ್ಯದಲ್ಲಿ ತಾವು ಗ್ರಹಿಸಿರುವ ಸುಧಾರಣೆಯ ಪ್ರಮಾಣವನ್ನು ಒಂದರಿಂದ ಐದರವರೆಗಿನ ಮಾಪಕದಲ್ಲಿ ಸೂಚಿಸಿ.”

ಹೊರಗೆ ಗೊಬ್ಬರದ ಮೂಟೆಗಳೆಲ್ಲ ತಲೆ ಕೆರೆದುಕೊಂಡವು. ಕಲ್ಲೇಶಪ್ಪನ ಕಿವಿಗೆ ಆ ಕಾಡಿನೊಳಗಿಂದ ಸಿಕ್ಕಿದ್ದು ಮೂರೇ ಪದ: ಸೂಚಿಸಿ, ಒಂದರಿಂದ, ಐದರವರೆಗೆ. ಅಷ್ಟು ಸಾಕಲ್ಲ! ಒಂದರಿಂದ ಐದು ಎಂದರೆ ದಲ್ಲಾಳಿಗೆ ಬೇರೆ ಅರ್ಥ ಉಂಟೇ? ಓಹೋ, ಸುಮಿತಾಳಿಗೆ ಬೆಲೆ ಕಟ್ಟಲು ಬಂದಿದ್ದಾನೆ ಹುಡುಗ. ಅವನು ಮಾರುವವನು, ತಾನು ಕೊಳ್ಳುವವನು. ಟವೆಲ್ ಹಾರಿ ಚೇತನ್‌ಕುಮಾರನ ಕೈ ಮೇಲೆ ಬಿತ್ತು. ಒಳಗೆ ಕಲ್ಲೇಶಪ್ಪನ ಎಡಗೈ ಮರ್ಯಾದೆ ಪ್ರಕಾರ ಒಂದೇ ಒಂದು ಬೆರಳು ಹಿಡಿಯಿತು. ಕೊಡವಿಕೋ ಮಗನೇ, ಎಂದು ಅವನು ಕಣ್ಣಲ್ಲೇ ಕಾದ.

ಚೇತನ್‌ಕುಮಾರ್ ಸ್ವಲ್ಪ ಬೆಚ್ಚಿ, ಆಮೇಲೆ ನಕ್ಕು, “ಒಂದಾ ಸರ್?” ಎಂದ.

“ಆಗ್ಲಿ ಬಿಡಿ,” ಎಂದಿತು ಆ ಪೋಲಿ ಹೋರಿ.

“ಥ್ಯಾಂಕ್ಯೂ ಸರ್. ಎರಡನೇ ಪ್ರಶ್ನೆ.”

ಕಲ್ಲೇಶಪ್ಪ ದಂಗಾದ. ಮೊದಲನೇ ಬೆರಳಿಗೇ ಒಪ್ಪಿಕೊಳ್ಳುವ ಮಾರಾಟಗಾರನನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಅವನಪ್ಪನೂ ಕಂಡಿರಲಿಲ್ಲ. ಎರಡನೇ ಪ್ರಶ್ನೆಗೂ ಒಂದು ಬೆರಳು ಹಿಡಿದು ನೋಡಿದ. ಒಪ್ಪಿದ! ಮೂರನೆಯದಕ್ಕೂ ಒಪ್ಪಿದ! ಪಾಪ, ಇವನನ್ನು ಸಂತೆಗೆ ಕಳಿಸಿದವರಿಗೆ ಬುದ್ಧಿ ಇಲ್ಲವೇ ಎಂದು ಕಲ್ಲೇಶಪ್ಪನಿಗೆ ಕನಿಕರವೇ ಹುಟ್ಟಿತು. ಹಾಗೆಂದು ವ್ಯಾಪಾರ ಬಿಡಲಾದೀತೇ? ಪ್ರತಿ ಪ್ರಶ್ನೆಗೂ ಒಂದೊಂದೇ ಬೆರಳು ಹಿಡಿಯುತ್ತ ಹೋದ. ಮುಗಿಯುವುದಕ್ಕೆ ಇನ್ನೊಂದೇ ಇದೆ ಎನ್ನುವಾಗ ಹುಡುಗ ಕೇಳಿದ:

“ಈ ಕೇಂದ್ರವನ್ನ ಮುಚ್ಚಿದರೆ ನಿಮ್ಮ ಅಭಿಪ್ರಾಯ ಏನು ಸರ್?”

ಬೇಡ ಎನ್ನಲು ಕಲ್ಲೇಶಪ್ಪ ಬಾಯಿ ತೆರೆದ. ಬಂದದ್ದು ಬೇರೆ ಏನಿದ್ದೀತು?

“ಆಗ್ಲಿ ಬಿಡಿ.”

ಹುಡುಗ ಬರೆದುಕೊಂಡ, ಉಳಿದ ಒಂದಕ್ಕೂ ಒಂದೇ ಬೆರಳಿಗೆ ಒಪ್ಪಿ ಎದ್ದ. ಕಲ್ಲೇಶಪ್ಪ ಕೈ ಬೀಸಿ ಬೇರೆ ಏನೋ ಹೇಳಲು ಹೋದದ್ದನ್ನು ಅವನು ನಮಸ್ಕಾರವೆಂದು ತಿಳಿದು ತಾನೂ ಕೈ ಮುಗಿದ. ಆದರೂ ಅವತ್ತು ಕಲ್ಲೇಶಪ್ಪ ಮನೆಗೆ ಹೋದದ್ದು ಒಂದು ಎತ್ತಿನ ಬೆಲೆಗೆ ಇಡೀ ದೊಡ್ಡಿ ಹೊಡೆದುಕೊಂಡು ಬಂದವನ ಗತ್ತಿನಲ್ಲಿ. ಹಾಲಮ್ಮ ಬಡಿಸಿದ ಮುದ್ದೆ ಸಾಲದೆ ಇನ್ನರ್ಧ ಹಾಕಿಸಿಕೊಂಡ.

ಎರಡು ಸಂತೆ ಕಳೆಯಿತು. ಮೂರನೇ ಶನಿವಾರ ಹೋದಾಗ ಸುಮಿತಾ ಚಿತ್ರದ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಚೀಲಕ್ಕೆ ತುಂಬುತ್ತಿದ್ದಳು.

“ಹಾಲಮ್ಮಕ್ಕಾ, ಮುಂದಿನ ತಿಂಗಳಿಂದ ಮಡಿಕೇರಿಗೆ ಬರಬೇಕಂತೆ. ಇಲ್ಲಿಂದ ಉತ್ತರ ಕೊಟ್ಟವರೇ ಕಮ್ಮಿ ಅಲ್ವಾ? ಅದರಲ್ಲಿ ಒಬ್ಬರು ಎಲ್ಲದಕ್ಕೂ ಒಂದೊಂದೇ ಕೊಟ್ಟಿದ್ದಾರಂತೆ. ಮುಚ್ಚಿದರೂ ತೊಂದರೆ ಇಲ್ಲ ಅಂದರಂತೆ. ಯಾರು ಅಂತ ಅವರು ಹೇಳುವುದಿಲ್ಲ.”

“ಒಂದು ಅಂದ್ರೇನವ್ವ?”

“ಐದು ಅಂದ್ರೆ ತುಂಬ ಒಳ್ಳೇದಾಯ್ತು ಅಂತ. ಒಂದು ಅಂದ್ರೆ ಎಂತದೂ ಪ್ರಯೋಜನ ಆಗಲಿಲ್ಲ ಅಂತ.” ಅವಳ ಕಣ್ಣೀರು ಕಾರ್ಡಿನ ಮೇಲೆ ಬಿತ್ತು. “ನಾನು ಸರಿಯಾಗಿ ಮಾಡಲಿಲ್ಲವೋ ಏನೋ.”

“ಯಾವ ಮುಂಡೇದವ್ವ ಹಂಗಂದಿದ್ದು? ಅವನ ಬಾಯಿ ಬಿದ್ದೋಗ!” ಎಂದಳು ಹಾಲಮ್ಮ.

ಶಾಪ ತಡವಾಗಿ ಬಂದಿತ್ತು. ಅದು ಆಗಲೇ ಫಲಿಸಿ ವರ್ಷವಾಗಿತ್ತು.

ಕಲ್ಲೇಶಪ್ಪನಿಗೆ ಕೂತ ಬೆಂಚು ಕುಸಿದಂತಾಯಿತು. ಒಂದು. ಎಲ್ಲದಕ್ಕೂ ಒಂದು. ಅಗ್ಗಕ್ಕೆ ಹೊಡೆದುಕೊಂಡು ಬಂದೆನೆಂದು ಹಿಗ್ಗಿದ ದೊಡ್ಡಿ ಅವನದೇ ಗದ್ದೆ ಮೇಯ್ದಿತ್ತು. ನಾನೇ ಕಣಮ್ಮ, ಆ ಮುಂಡೇದು ನಾನೇ, ಅದು ಶುರು ಹಿಡಿದ ಬೆರಳು, ಬೆಲೆಯಲ್ಲ! ಎಂದು ಎದೆ ಬಡಿದುಕೊಂಡು ಕೂಗಿದ. ಕೊಠಡಿಗೆ ಕೇಳಿಸಿದ್ದು ಇಷ್ಟು: “ಆಗ್ಲಿ ಬಿಡಿ! ಆಗ್ಲಿ ಬಿಡಿ! ಆಗ್ಲಿ ಬಿಡೀ!”

“ಏನ್ ಆಗ್ಲಿ ಬಿಡಿ? ಹೆಣ್ಮಗ ಕಣ್ಣೀರಾಕ್ತಾ ಕೂತೈತೆ, ಇವ್ರದೊಂದು!” ಎಂದು ಹಾಲಮ್ಮ ಗದರಿದಳು.

“ಬೈಬೇಡಿ ಹಾಲಮ್ಮಕ್ಕಾ. ಸಮಾಧಾನ ಮಾಡ್ತಾ ಇದ್ದಾರೆ ಅವರು,” ಎಂದು ಸುಮಿತಾ ಕಣ್ಣೊರೆಸಿಕೊಂಡು ನಕ್ಕಳು. ಆ ನಗು ಕಲ್ಲೇಶಪ್ಪನಿಗೆ ಸ್ಟ್ರೋಕಿಗಿಂತ ಜೋರಾಗಿ ಹೊಡೆಯಿತು. “ನನ್ನ ಭಾಗದ ಪ್ರಶ್ನೆ ಉಳಿದಿದೆ. ಊಟ ಆದ ಮೇಲೆ ಬರ್ತೇನೆ ಅಂದಿದ್ದಾರೆ ಚೇತನ್‌ಕುಮಾರ್. ಈಗ ಇಲ್ಲೇ ಸಂತೆಯಲ್ಲಿ ತಿರುಗ್ತಾ ಇರಬೇಕು.”

ಅಷ್ಟೇ. ಊರುಗೋಲು ಟಣ್ಣೆಂದಿತು. ಹಾಲಮ್ಮ ತಿರುಗಿ ನೋಡುವಷ್ಟರಲ್ಲಿ ಬೆಂಚು ಖಾಲಿ.

ಸ್ಟ್ರೋಕ್ ಆದ ಮೇಲೆ ಕಲ್ಲೇಶಪ್ಪ ಸಂತೆಯೊಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಹಸಿಮೆಣಸಿನ ಗುಡ್ಡೆ, ಒಣಮೀನಿನ ಸಾಲು, ಕತ್ತಿ ಗುದ್ದಲಿಯ ಅಂಗಡಿ ಎಲ್ಲವನ್ನೂ ಸೀಳಿಕೊಂಡು ಅವನ ಒಂದೂವರೆ ಕಾಲು ಹೋದ ರಭಸಕ್ಕೆ ಹಿಂದೆ ಧೂಳೆದ್ದಿತು. ಹಿಂದಿನ ದಿನ ಮಳೆ ಬಿದ್ದು ನೆಲವೆಲ್ಲ ಕೆಸರಾಗಿದ್ದರೂ ಎದ್ದಿತು. ದನದ ಸಾಲಿಗೆ ಬಂದು ನೋಡಿದರೆ, ಅವನ ಹಳೆಯ ಎದುರಾಳಿ ದಲ್ಲಾಳಿ ಜವರ ಒಂದು ಹೋರಿಯ ಬೆನ್ನು ತಟ್ಟುತ್ತ ಗಿರಾಕಿಯೊಬ್ಬನಿಗೆ ಬಣ್ಣ ಕಟ್ಟಿ ಹೇಳುತ್ತಿದ್ದ. ಗಿರಾಕಿ ಚೇತನ್‌ಕುಮಾರ್!

“ಫೋಟೋ ತೆಗೆಯೋಕೆ ಬಂದೆ ಅಷ್ಟೇ, ನನಗೆ ಹೋರಿ ಬೇಡ…”

“ಬೇಡ ಅಂತ ಬಾಯಿ ಅಂತೈತೆ, ಕಣ್ಣು ಬೇಕು ಅಂತೈತೆ. ಮೈಸೂರ್‌ನಾಗೆ ಇಂಥಾದ್ ಕಟ್ಕೊಂಡ್ರೆ ಬೀದಿ ಬೀದಿಯೇ ಬಂದು…”

ನಡುವೆ ಟವೆಲ್ ಹಾರಿ ಬಿತ್ತು.

“ಏಯ್ ಕಲ್ಲೇಶಣ್ಣ! ಬದುಕಿದ್ಯಾ? ಗಿರಾಕಿ ನಂದು ಕಣಣ್ಣ!”

ಕಲ್ಲೇಶಪ್ಪ ಕೇಳಿಸಿಕೊಳ್ಳಲಿಲ್ಲ. ಟವೆಲ್ ಕೆಳಗೆ ಹುಡುಗನ ಐದೂ ಬೆರಳುಗಳನ್ನು ನೆಟಿಗೆ ಮುರಿಯುವಂತೆ ಹಿಡಿದ.

“ನಮಸ್ಕಾರ ಸರ್. ಮೊನ್ನೆಯೂ ಹೀಗೇ ಪ್ರೀತಿಯಿಂದ ಕೈ ಹಿಡ್ಕೊಂಡಿದ್ರಿ,” ಎಂದ ಚೇತನ್‌ಕುಮಾರ್, ನೋವಿಗೆ ಮುಖ ಕಿವುಚುತ್ತ.

“ಮೊನ್ನೆ ಎಲ್ಲಿ?” ಜವರನ ಕಿವಿ ನೆಟ್ಟಗಾಯಿತು.

“ನಾನು ಒಂದರಿಂದ ಐದರಲ್ಲಿ ಎಷ್ಟು ಅಂತ ಕೇಳ್ತಿದ್ದೆ. ಇವರು ಟವೆಲ್ ಹಾಕಿ ಒಂದು ಬೆರಳು ಹಿಡಿಯೋರು. ನಾನು ಒಂದು ಅಂತ ಬರ್ಕೊಳ್ತಾ ಹೋದೆ.”

ಜವರ ಹೋರಿಯ ಹಗ್ಗ ಕೈಬಿಟ್ಟ.

“ಹಿಡಿದ ಮೊದಲ್ನೇ ಬೆರಳಿಗೇ ಒಪ್ಕೊಂಡ್ಯಾ? ಅಯ್ಯೋ ನಿನ್ನ ಓದು ಮಣ್ಣಾಗ! ಅದು ಶುರು ಕಣಯ್ಯ, ಬೆಲೆ ಅಲ್ಲ! ನೀನು ಕೈ ಕೊಡವಬೇಕು, ಅವನು ಎರಡು ಹಿಡೀಬೇಕು, ನೀನು ಮತ್ತೆ ಕೊಡವಬೇಕು. ಕಲ್ಲೇಶಣ್ಣ ಅವನ ಮದ್ವೆ ತಾಳಿ ಕೊಳ್ಳೋವಾಗ್ಲೂ ಮೊದಲು ಒಂದೇ ಬೆರಳು ಹಿಡ್ದಿದ್ದ!”

ಅಷ್ಟು ಹೊತ್ತಿಗೆ ಏದುಸಿರು ಬಿಡುತ್ತ ಹಾಲಮ್ಮ, ಅವಳ ಹಿಂದೆ ಸುಮಿತಾ ಬಂದಿದ್ದರು. ಹಾಲಮ್ಮ ಗಂಡನನ್ನು ನೋಡಿದಳು, ಟವೆಲನ್ನು ನೋಡಿದಳು.

“ಆ ಮುಂಡೇದು ನೀವೇನಾ!”

ಕಲ್ಲೇಶಪ್ಪ ತಲೆ ತಗ್ಗಿಸಿದ. ಅವನು ಹೊಗಳಿದ ಎತ್ತುಗಳು ಕೂಡ ಅಷ್ಟು ತಗ್ಗಿಸಿರಲಿಲ್ಲ.

ಚೇತನ್‌ಕುಮಾರ್ ಒಳ್ಳೆಯ ಹುಡುಗ. ಅಲ್ಲೇ ನಿಂತು, ಒಂದು ಕೈ ಟವೆಲ್ ಕೆಳಗೆ ಬಿಟ್ಟು, ಇನ್ನೊಂದು ಕೈಯಿಂದ ಮೈಸೂರಿಗೆ ಫೋನ್ ಹಚ್ಚಿದ. ತುಂಬ ಹೊತ್ತು “ಹೌದು ಮೇಡಂ, ಟವೆಲ್ ಮೇಡಂ, ಅಲ್ಲ ಮೇಡಂ, ಹೋರಿ ಮೇಡಂ” ಎಂದು ಹೇಳಿ ಇಟ್ಟ.

“ಹಳೇ ಉತ್ತರ ತೆಗೆದುಹಾಕ್ತಾರಂತೆ. ಮತ್ತೆ ಕೇಳಬಹುದು. ಟ್ರಸ್ಟಿನವರಿಗೂ ಹೊಸದನ್ನೇ ಕಳಿಸ್ತಾರೆ. ಆದರೆ ಬೆರಳಿನ ಲೆಕ್ಕ ಬೇಡ ಅಂದರು. ಸರ್ ತಮ್ಮ ಬಾಯಲ್ಲೇ ಹೇಳಬೇಕು. ಬೇರೆ ಯಾರೂ ಹೇಳಿಕೊಡಬಾರದು.”

ಬಾಯಲ್ಲಿ! ಬೆಲೆಯನ್ನು! ದನದ ಸಂತೆಯ ನಟ್ಟನಡುವೆ! ಸಾಲಿಗೆ ಸಾಲೇ ಉಸಿರು ಬಿಗಿಹಿಡಿಯಿತು.

“ಕೊಠಡಿಗೆ ಹೋಗೋಣ ಕಲ್ಲೇಶಣ್ಣ,” ಎಂದಳು ಸುಮಿತಾ ಮೆಲ್ಲಗೆ. ಕಲ್ಲೇಶಪ್ಪ ಅಲುಗಲಿಲ್ಲ. ಹಿಡಿದ ಕೈ ಬಿಟ್ಟರೆ ಹಗ್ಗವೂ ಬಿಟ್ಟುಹೋದೀತೆಂಬ ಭಯ ಅವನಿಗೆ. ಗೇಟಿನ ಹತ್ತಿರ ಏನೋ ಮಿಸುಕುತ್ತಿತ್ತು. ಈಗಲ್ಲದಿದ್ದರೆ ಇಲ್ಲ.

ಆಗ ಜವರ, ವರ್ಷಗಟ್ಟಲೆ ಕಲ್ಲೇಶಪ್ಪನ ಗಿರಾಕಿಗಳನ್ನು ಕದ್ದ ಜವರ, ತನ್ನ ಟವೆಲನ್ನು ತೆಗೆದು ಕಿವಿಗೆ ಸುತ್ತಿಕೊಂಡು ಬೆನ್ನು ತಿರುಗಿಸಿ ನಿಂತ. ಇನ್ನೊಬ್ಬನ ಬೆಲೆ ಕಿವಿಗೆ ಬೀಳಬಾರದಲ್ಲ. ಅವನನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಆಚೆಯವನು. ಸಾಲಿನಲ್ಲಿದ್ದ ದಲ್ಲಾಳಿಗಳೆಲ್ಲ ಬೆನ್ನು ತಿರುಗಿಸಿದರು. ಎತ್ತುಗಳೂ ತಿರುಗಿದವು ಎನ್ನುವವರಿದ್ದಾರೆ.

ಚೇತನ್‌ಕುಮಾರ್ ಟ್ಯಾಬು ತೆರೆದ. ಈ ಸಲ ಪುಸ್ತಕದ ವಾಕ್ಯ ಓದಲಿಲ್ಲ.

“ಸರ್, ಇವರ ಹತ್ರ ಬಂದ ಮೇಲೆ ನಿಮ್ಮ ಮಾತು ಎಷ್ಟು ಸುಧಾರಿಸ್ತು? ಏನೂ ಇಲ್ಲ ಅಂದ್ರೆ ಒಂದು, ತುಂಬ ಅಂದ್ರೆ ಐದು.”

ಕಲ್ಲೇಶಪ್ಪ ಒಂದು ಬೆರಳು ಹಿಡಿದ.

“ಒಂದು.”

ಹುಡುಗನ ಕೈ ಅಭ್ಯಾಸಬಲದಿಂದ ಟ್ಯಾಬಿನ ಕಡೆಗೆ ಹೋಯಿತು.

“ತಡಿಯಪ್ಪೋ!” ಎಂದು ಕೂಗಿದಳು ಹಾಲಮ್ಮ. “ಇನ್ನೂ ಬರ್ತಾ ಅವ್ರೆ!”

“ಎರಡು.” ಹುಡುಗ ಈಗ ಪಾಠ ಕಲಿತಿದ್ದ, ಕೈ ಕೊಡವಿದ. “ಮೂರು.”

ಮತ್ತೆ ಕೊಡವಿದ. ಅಲ್ಲಿ ಹಗ್ಗ ನಿಂತಿತು. ಕಲ್ಲೇಶಪ್ಪನ ಕುತ್ತಿಗೆಯ ನರ ಉಬ್ಬಿತು. ಬಾಯಿ ತೆರೆಯಿತು, ಮುಚ್ಚಿತು. ಸುಮಿತಾ ಎರಡೂ ಕೈಯಿಂದ ತನ್ನ ಬಾಯಿ ಒತ್ತಿಕೊಂಡು ನಿಂತಿದ್ದಳು. ಹೇಳಿಕೊಡಬಾರದು. ಒಂದೇ ಒಂದು ಅಕ್ಷರ ಎತ್ತಿಕೊಟ್ಟರೆ ಸಾಕು, ಆದರೆ ಕೊಡಬಾರದು. ಕಲ್ಲೇಶಪ್ಪ ಅವಳ ಕಡೆ ನೋಡಿದ. ಬಂದೇ ಬರ್ತದೆ ಎಂದು ಪ್ರತಿ ವಾರ ಹೇಳುತ್ತಿದ್ದ ಮುಖ ಅದು.

“ನಾ…” ಎಂದ. “ನಾ… ನಾಕು!”

ಅದರ ಬಾಲ ಹಿಡಿದುಕೊಂಡೇ ಹಿಂದಿನದು ನುಗ್ಗಿತು.

“ಐದು!”

ಕೊಡ್ಲಿಪೇಟೆಯಲ್ಲಿ ಕಾಗೆಗಳು ತಲೆಯೆತ್ತಿ ಈ ಕಡೆ ನೋಡಿದವು. ಅಷ್ಟಂತೂ ನಿಜ.

ಉಳಿದ ಪ್ರಶ್ನೆಗಳಿಗೂ ಹಾಗೆಯೇ, ಪ್ರತಿ ಸಲ ಒಂದರಿಂದ ಹೊರಟು ಐದಕ್ಕೆ ಬಂದು ಮುಟ್ಟಿದ. ನಿಧಾನಕ್ಕೆ, ಬೆವರುತ್ತ, ಒಂದೊಂದನ್ನೂ ಗೇಟು ದಾಟಿಸಿದ. ಬೆನ್ನು ತಿರುಗಿಸಿ ನಿಂತ ದಲ್ಲಾಳಿಗಳು ಕೇಳದವರಂತೆ ಕೇಳುತ್ತಲೇ ಇದ್ದರು. ಪ್ರತಿ ಐದಕ್ಕೂ ಜವರನ ಭುಜ ಮೇಲೇಳುತ್ತಿತ್ತು.

ಆಮೇಲೆ ಆ ಪ್ರಶ್ನೆ ಬಂತು.

“ಈ ಕೇಂದ್ರ ಮುಚ್ಚಿದರೆ ಸರ್?”

ಪೋಲಿ ಹೋರಿ ಒಳಗಿಂದ ಗುಟುರು ಹಾಕಿಕೊಂಡು ಬಂದದ್ದು ಕಲ್ಲೇಶಪ್ಪನಿಗೆ ಗೊತ್ತಾಯಿತು. ಟವೆಲಿನೊಳಗಿನ ಎಡಗೈಯನ್ನು ಕಿತ್ತುಕೊಂಡು ತನ್ನ ಬಾಯಿಯನ್ನು ತಾನೇ ಗಟ್ಟಿಯಾಗಿ ಮುಚ್ಚಿಕೊಂಡ. ಕಣ್ಣು ಕೆಂಪಾಯಿತು, ಕೆನ್ನೆ ಉಬ್ಬಿತು. ಮಾತು ಬಾರದವನು ಮಾತನ್ನು ತಡೆದು ನಿಲ್ಲಿಸಲು ಅಷ್ಟು ಕಷ್ಟಪಟ್ಟದ್ದನ್ನು ಯಾರೂ ಕಂಡಿರಲಿಕ್ಕಿಲ್ಲ. ತಲೆಯನ್ನು ಮಾತ್ರ ಅತ್ತ ಇತ್ತ ಆಡಿಸಿದ. ಬೇಡ. ಬೇಡ. ಬೇಡ. ಬಾಯಿ ಮುಚ್ಚಿದ ಕೈಯ ಸಂದಿಯಿಂದ ಒಂದು ಹನಿ ಜಾರಿತು. ಬೆವರೆಂದು ಅವನೇ ಆಮೇಲೆ ಸನ್ನೆ ಮಾಡಿ ಹೇಳಿದ, ಯಾರೂ ನಂಬಲಿಲ್ಲ.

“ಬೇಡ ಅಂತ ಬರ್ಕೊಂಡೆ ಸರ್,” ಎಂದ ಚೇತನ್‌ಕುಮಾರ್.

ಆ ಕೊಠಡಿ ಉಳಿಯಿತು. ಶನಿವಾರ ಹೋದವರು ಈಗಲೂ ಗೊಬ್ಬರದಂಗಡಿಯ ಹಿಂದೆ ಸೀನುವವರ ಸಾಲನ್ನು ನೋಡಬಹುದು. ಸುಮಿತಾ ತನ್ನ ಭಾಗದ ಪ್ರಶ್ನೆಗಳಲ್ಲಿ, ಚಿಕಿತ್ಸೆಗೆ ಯಾವ ಸಾಧನ ಬಳಸುತ್ತೀರಿ ಎಂದು ಕೇಳಿದ ಕಡೆ, ಕಾರ್ಡು, ಕನ್ನಡಿ ಎಲ್ಲ ಬಿಟ್ಟು ‘ಇತರೆ’ ಎಂಬಲ್ಲಿ ‘ಟವೆಲ್’ ಎಂದು ಬರೆಸಿದಳು. ಅದು ಎಲ್ಲಿ ಸಿಗುತ್ತದೆ ಎಂದು ಮೈಸೂರಿನ ಮೇಡಂ ಫೋನ್ ಮಾಡಿ ವಿಚಾರಿಸಿದರಂತೆ.

ಅದೆಲ್ಲ ಆಮೇಲಿನ ಮಾತು. ದನದ ಸಾಲಿನಲ್ಲಿ ಇನ್ನೂ ಕೊನೆಯ ಪ್ರಶ್ನೆ ಬಾಕಿಯಿತ್ತು.

“ಎಲ್ಲಾ ಸೇರಿಸಿ ಇವರಿಗೆ ಎಷ್ಟು ಕೊಡ್ತೀರಿ ಸರ್?”

ಟವೆಲ್ ಮತ್ತೆ ಹೊದಿಸಿ ಕಲ್ಲೇಶಪ್ಪ ಹೊರಟ. ಒಂದು, ಎರಡು, ಮೂರು, ನಾಕು, ಐದು. ಹುಡುಗ ಬರೆಯಲು ಹೋದರೆ ಕೈ ಬಿಡಲಿಲ್ಲ. ಐದನ್ನೂ ಬಿಟ್ಟು ಮತ್ತೆ ಒಂದು ಬೆರಳು ಹಿಡಿದು, ಹಾಲಮ್ಮನ ಕಡೆ ಕಣ್ಣು ಮಿಟುಕಿಸಿ, “ಆರು!” ಎಂದ.

ಹಿಂತಿರುಗಿ ನಿಂತಿದ್ದ ಜವರ ಕಿಸಕ್ಕನೆ ನಕ್ಕ.

“ಸರ್, ಆರು ಇಲ್ಲ. ಐದೇ ಕೊನೆ.”

“ಆರು!”

“ಕಂಪ್ಯೂಟರ್ ತಗೊಳ್ಳಲ್ಲ ಸರ್, ದಯವಿಟ್ಟು. ಐದಕ್ಕಿಂತ ಮೇಲೆ ಬೆಲೆಯೇ ಇಲ್ಲ.”

ಕಲ್ಲೇಶಪ್ಪ ಮುನಿಸಿಕೊಂಡವನಂತೆ ಮುಖ ತಿರುಗಿಸಿದ. ಹೋರಿಯ ಕಡೆ ನೋಡಿದ, ಆಕಾಶದ ಕಡೆ ನೋಡಿದ, ಸುಮಿತಾಳ ಕಡೆ ನೋಡಿದ. ಅವಳು ಅಳುತ್ತ ನಗುತ್ತಿದ್ದಳು. ಆಮೇಲೆ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು, ಚೇತನ್‌ಕುಮಾರನ ಅಂಗೈಗೆ ತನ್ನ ಅಂಗೈ ಫಟಾರನೆ ಬಡಿದು ಹೇಳಿದ:

“ಆಗ್ಲಿ ಬಿಡಿ!”